ಯಾರ ಮನೆಯ ರಂಜಕ

ಪ್ರಭಂಜನ ಮದರಾಸಿನಿಂದ ಎರಡು ವಸ್ತು ತಂದಿದ್ದ: ಒಂದು ಬಿ.ಎಸ್ಸಿ. ಪದವಿ, ಇನ್ನೊಂದು 'ಫಾಸ್ಫರಸ್'ಗೆ ಯಾರೋ ಪಂಡಿತರು ಹೊಸದಾಗಿ ಗೊತ್ತುಮಾಡಿದ್ದ ಕನ್ನಡ ಪದ. ಪದವಿಯಿಂದ ಹೊಸಪೇಟೆಯಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಪದದಿಂದ ಸಿಕ್ಕಿದ್ದೇ ಬೇರೆ.

ಸಂಡೂರಿನ ದಾರಿಯಲ್ಲಿ ಒಂದು ಗುಡ್ಡ. ಅದರ ಇಳಿಜಾರಿನ ತುಂಬ ಮತ್ತಿ, ದಿಂಡಿಗ, ಬಾರೆ, ಸೀತಾಫಲ. ಆ ಮಾಘದಲ್ಲಿ ಗಾಡಿ ಗುತ್ತಿಗೆದಾರ ಪಾಲಪ್ಪ ಅಲ್ಲಿಯ ತರಗೆಲೆಯನ್ನೆಲ್ಲ ಗುಡಿಸಿ ಕಮಲಾಪುರದ ಬಾಳೆತೋಟಕ್ಕೆ ಗೊಬ್ಬರವೆಂದು ಹೊಡೆಯತೊಡಗಿದ. ಗುಡಿಸಿದ ನೆಲ ಬೋಳಿಸಿದ ತಲೆಯ ಹಾಗೆ ಕಾಣುತ್ತಿತ್ತು. ಆ ಗಿಡಗಳ ಹಣ್ಣು ಮಾರಿ ಬದುಕುವ ಜಂಬಕ್ಕ ಶಾಲೆಯ ಬಾಗಿಲಿಗೇ ಬಂದಳು.

"ಮಾಸ್ತರ್ರ, ಹಿಂಗ ಗುಡಿಸಿದ್ರ ಗಿಡ ಬಾಳ್ತಾವೇನ್ರಿ?"

"ಬಾಳೋದಿಲ್ಲ ಜಂಬಕ್ಕ. ಹಸಗೊಂಡು ಸಾಯ್ತಾವ."

"ಹಂಗಾರ ಅದನ್ನ ಅವರಿಗೆ ಬಂದು ಹೇಳ್ರಿ."

ಭಾನುವಾರ ಪ್ರಭಂಜನ ಗುಡ್ಡಕ್ಕೆ ಹೋಗಿ ಗಾಡಿಯವರ ಮುಂದೆ ಒಂದು ಬಂಡೆ ಏರಿದ. ಹೊಸ ಪದವನ್ನು ಜನರ ಮೇಲೆ ಪ್ರಯೋಗಿಸುವ ಉತ್ಸಾಹದಲ್ಲಿ ಅವನ ಕಿವಿ ಕೆಂಪಗಾಗಿತ್ತು.

"ಇದು ಕಬ್ಬಿಣದ ಮಣ್ಣು. ಇದರಾಗ ರಂಜಕ ಅದ, ಆದರ ಕಬ್ಬಿಣ ಅದನ್ನ ತಬ್ಬಿಕೊಂಡು ಕೂತದ, ಬಿಡಂಗಿಲ್ಲ. ಗಿಡ ಹೆಣಗ್ಯಾಡಿ ಒಂದೀಟು ಕಸ್ಕೊಂತದ. ಕಸ್ಕೊಂಡಿದ್ದನ್ನ ಪೋಲು ಮಾಡಂಗಿಲ್ಲ. ಎಲಿ ಉದುರಿಸೋ ಮುಂಚೆ ಅದರಾಗಿನ ಅರ್ಧ ರಂಜಕ ಹಿಂದಕ್ಕ ಎಳ್ಕೊಂತದ. ಉಳಿದ ಅರ್ಧ ಎಲಿ ಜೋಡಿ ನೆಲಕ್ಕ ಬೀಳ್ತದ. ಗೆದ್ದಲು, ಬೂಷ್ಟು ಸೇರಿ ಆ ಎಲಿ ಕೊಳಸ್ತಾವ. ಕಬ್ಬಿಣದ ಕೈಗೆ ಸಿಗೋದರೊಳಗ ಬೇರು ಬಂದು ರಂಜಕ ಎತ್ತಿಕೊಂತದ. ಮತ್ತ ಮ್ಯಾಲೆ, ಮತ್ತ ಕೆಳಗ. ಇಡೀ ಕಾಡು ಬದುಕಿರೋದು ಆ ಒಂದೀಟು ರಂಜಕದ ಮ್ಯಾಲೆ. ನೀವು ಅದನ್ನ ಗಾಡೀಲಿ ತುಂಬಿ ಒಯ್ಯಾಕತ್ತೀರಿ!"

ಗಾಡಿಯವರು ಮುಖ ಮುಖ ನೋಡಿಕೊಂಡರು. ಹಂಪಯ್ಯ ಎಂಬವನು ಒಂದು ಎಲೆ ಎತ್ತಿ ನೆಕ್ಕಿದ.

"ಮಾಸ್ತರ್ರ, ಉಪ್ಪು ಕಮ್ಮಿ ಆಗೇತ್ರಿ."

"ರೊಟ್ಟಿ ತಗಿಲೇ, ಎಲ್ಯಾಗ ರಂಜಕ ಐತಂತ!" ಎಂದ ಇನ್ನೊಬ್ಬ.

ಬಳ್ಳಾರಿ ಸೀಮೆಯಲ್ಲಿ ರಂಜಕವೆಂದರೆ ಕೆಂಪು ಮೆಣಸಿನಕಾಯಿ ರುಬ್ಬಿದ ಚಟ್ನಿ. ಆ ಪಂಡಿತರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಹೊಸಪೇಟೆಯಲ್ಲೇ ಹುಟ್ಟಿ, ದಿನಾ ಅದನ್ನೇ ನೆಂಚಿಕೊಂಡು ಬೆಳೆದ ಪ್ರಭಂಜನನಿಗೂ ಹೊಳೆದದ್ದು ಬಂಡೆಯ ಮೇಲೆ ನಿಂತ ಆ ಗಳಿಗೆಯಲ್ಲಿ. ನಗು ಗುಡ್ಡ ಹತ್ತಿ ಇಳಿಯಿತು. ನಗದೆ ಉಳಿದವಳು ಜಂಬಕ್ಕ ಒಬ್ಬಳೇ.

"ಎಲ್ಯಾಗ ರಂಜಕ ಐತಿ ಅಂತ ನೀವ ಅಂದ್ರಿ. ಹೌದಿಲ್ಲೋ?"

"ಹೌದು ಜಂಬಕ್ಕ, ಆದರ ಅದು—"

"ಆದರಗೀದರ ಬ್ಯಾಡ ಬಿಡ್ರಿ. ಅಷ್ಟ ಸಾಕು" ಎಂದು ಬಾರೆಹಣ್ಣಿನ ಬುಟ್ಟಿ ತಲೆಗೇರಿಸಿಕೊಂಡು ಕಮಲಾಪುರದ ಕಡೆ ನಡೆದಳು.

ಮರುದಿನವೇ ತೋಟದ ಯಜಮಾನರಾದ ವ್ಯಾಸರಾಜಾಚಾರ್ಯರಿಂದ ಪ್ರಭಂಜನನಿಗೆ ಕರೆ ಬಂತು. ಅವರು ಅವನ ತಂದೆಯ ಗೆಳೆಯರು. ಅವರ ತೋಟದ ಬಾಳೆಹಣ್ಣು ಮಠದ ಆರಾಧನೆಗೆ ಹೋಗುತ್ತಿತ್ತು. ಪ್ರಭಂಜನ ಹೋದಾಗ ಎಲೆಯ ರಾಶಿಯ ಈಚೆ ಆಚಾರ್ಯರು, ಆಚೆ ಪಾಲಪ್ಪ, ಬೇಲಿಯ ಹತ್ತಿರ ಏನೂ ಅರಿಯದವಳಂತೆ ಬುಟ್ಟಿ ಇಟ್ಟುಕೊಂಡು ಕುಳಿತ ಜಂಬಕ್ಕ.

"ಏನೋ ಪ್ರಭಂಜನ, ಈ ಎಲಿಯೊಳಗ ರಂಜಕ ಅದ ಅಂದಿಯಂತ?"

"ಗಿಡದ ಎಲ್ಯಾಗ ಚಟ್ನಿ ಎಲ್ಲಿಂದ ಬರ್ತೈತ್ರಿ ಆಚಾರ್ರ!" ಪಾಲಪ್ಪ ಹಣೆ ಚಚ್ಚಿಕೊಂಡ. "ಆಕಿ ಮಾತು ಕಟ್ಟಿಕೊಂಡು—"

"ನೀ ಸುಮ್ಮನಿರು. ಇವ ಮದ್ರಾಸಿನ್ಯಾಗ ಓದ್ಯಾನ. ಹೇಳಪ್ಪ, ಅದನೋ ಇಲ್ಲೋ?"

"ಅದ, ಕಾಕಾ."

ಆಚಾರ್ಯರು ದನಿ ತಗ್ಗಿಸಿದರು. "ಯಾರ ಮನೀದು? ನಮ್ಮ ಮನೀದೋ, ಅವರ ಮನೀದೋ?"

ಪ್ರಶ್ನೆ ಸಣ್ಣದಲ್ಲ. ಆಚಾರ್ಯರ ಮನೆಯ ರಂಜಕಕ್ಕೆ ಇಂಗು, ಊರಿನ ರಂಜಕಕ್ಕೆ ಬೆಳ್ಳುಳ್ಳಿ. ಬೆಳ್ಳುಳ್ಳಿಯ ಗೊಬ್ಬರ ಉಂಡ ಬಾಳೆ ದೇವರ ಮುಂದೆ ಹೋಗುವಂತಿಲ್ಲ.

ವಿಷಯವನ್ನು ಬಿಡಿಸಿ ಹೇಳಲು ಪ್ರಭಂಜನ ಬಾಯಿ ತೆರೆದ. ಜಂಬಕ್ಕ ಒಂದು ಬಾರೆಹಣ್ಣನ್ನು ಸೆರಗಿನಲ್ಲಿ ಒರೆಸುತ್ತಿದ್ದಳು, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು. ಬಿಡಿಸಿ ಹೇಳಿದರೆ ನಾಳೆ ಉಳಿದ ಅರ್ಧ ಗುಡ್ಡವೂ ಬೋಳು. ಸುಳ್ಳು ಹೇಳುವುದೋ, ವಿಜ್ಞಾನಕ್ಕೆ ಅಪಚಾರ. ಆಗ ಅವನ ಮೂಗಿಗೆ ಕಾಲೇಜಿನ ಪ್ರಯೋಗಶಾಲೆ ನೆನಪಾಯಿತು.

"ಕಾಕಾ, ನೀರಾಗ ಮುಳುಗಿಸಿಟ್ಟ ರಂಜಕದ ಬಾಟ್ಲಿ ಇತ್ತು ನಮ್ಮ ಕಾಲೇಜಿನ್ಯಾಗ. ಮುಚ್ಚಳ ತಗದಾಗ ನಾನ ಮೂಸಿ ನೋಡೀನಿ. ಖರೇ ಹೇಳ್ತೀನಿ, ಬೆಳ್ಳುಳ್ಳಿ ವಾಸನಿ."

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ; ಫಾಸ್ಫರಸ್ಸಿನ ವಾಸನೆ ಹಾಗೆಯೇ. ಆಚಾರ್ಯರು ಪಂಚೆ ಎತ್ತಿ ಹಿಡಿದು ಹಿಂದೆ ಜಿಗಿದರು.

"ಹರಿ ಹರಿ! ಪಾಲಪ್ಪ, ಎಲ್ಲಿಂದ ತಂದಿಯೋ ಅಲ್ಲೇ ಒಯ್ದು ಹಾಕು. ಜಲ್ದಿ! ಒಂದು ಎಲಿ ಇಲ್ಲಿ ಉಳೀಬಾರದು."

ಪಾಲಪ್ಪ ಪ್ರಭಂಜನನತ್ತ ಕೊಲ್ಲುವಂತೆ ನೋಡಿದ. "ಗುಡ್ಡದ ಬುಡದಾಗ ಸುರುವಿ ಬರ್ತೀನಿ, ತಗೋರಿ."

"ಬ್ಯಾಡ ಪಾಲಪ್ಪ. ಗಿಡದ ಬುಡಕ್ಕೆಲ್ಲ ತೆಳ್ಳಗ ಹರವು. ಒಂದ ಕಡೆ ಒಟ್ಟಿದ್ರ ಘಾಟು ಏಳ್ತದ" ಎಂದ ಪ್ರಭಂಜನ.

ಆ ದಿನ ಅವನು ಹೇಳಿದ ಸುಳ್ಳು ಅದೊಂದೇ. ಪಾಲಪ್ಪ ಹೆಗಲ ಮೇಲಿನ ವಲ್ಲಿಯನ್ನು ಮೂಗಿಗೆ ಕಟ್ಟಿಕೊಂಡು ಗಾಡಿ ಹೂಡಿದ.