ಅಕ್ಕನ ಮಷೀನಿನ ಟಕ್ ಟಕ್

ಹೊಲಿಗೆ ಮಷೀನು ರಿಪೇರಿಯಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಅಂಗಡಿ ನೋಡಿ ಬೇರೆ ಕಸುಬು ಹಿಡಿದಿರುತ್ತಾನೆ. ಮೂರು ಬೀದಿ ಆಚೆ ಯಾರದೋ ಸೂಜಿ ಸೊಟ್ಟಗಾದರೆ ಇಲ್ಲಿ ಊಟಕ್ಕೆ ಕೂತ ನನ್ನ ಕಿವಿ ನಿಮಿರುತ್ತದೆ. ಹಾಗಾಗಿ ಗಿರಾಕಿಗಳು ಬಾಯಿ ತೆರೆಯುವ ಮೊದಲೇ ಕಾಯಿಲೆ ಏನೆಂದು ನಾನೇ ಹೇಳಿಬಿಡುತ್ತೇನೆ. ‘ಇವರಿಗೆ ಕಿವಿ ಇರೋದು ಮಷೀನಿಗೆ ಮಾತ್ರ, ಮನುಷ್ಯರಿಗಲ್ಲ’ ಎಂದು ನನ್ನ ಹೆಂಡತಿ ದಿನಾ ಹೇಳುತ್ತಾಳಂತೆ. ನಾನು ಕೇಳಿಸಿಕೊಂಡಿಲ್ಲ.

ಸೋಮವಾರ ಅಕ್ಕ ತನ್ನ ಹಳೇ ಮಷೀನನ್ನು ಗಾಡಿಯಲ್ಲಿ ಹೇರಿಕೊಂಡು ಬಂದಳು.

“ದಾರ ಕಡೀತಾ ಇದೆ ಕಣೋ, ಅದನ್ನಷ್ಟೇ ನೋಡು. ಆ ಟಕ್ ಟಕ್ ಸದ್ದಿದೆಯಲ್ಲ, ಅದು...”

“ಗೊತ್ತಾಯ್ತು ಬಿಡಕ್ಕ.”

“ಪೂರ್ತಿ ಕೇಳೋ.”

“ಕೇಳೋಕೇನಿದೆ? ಮಷೀನು ಓಡ್ತಿದೆಯೋ ಇಲ್ಲವೋ ಅಂತ ನಿನಗೇ ಅನುಮಾನ ಬರಬೇಕು, ಹಾಗೆ ಮಾಡ್ಕೊಡ್ತೀನಿ.”

ಮಾಡಿಯೂ ಕೊಟ್ಟೆ. ಒಳಗಿನ ದಂಡ ತಿರುಗುವ ಹಿತ್ತಾಳೆ ಬಳೆ, ಅಂದರೆ ಬುಶ್ಶು, ಸವೆದಿತ್ತು; ಅದನ್ನು ಕಿತ್ತು ಗುಜರಿ ಡಬ್ಬಕ್ಕೆ ಎಸೆದು ಹೊಸದನ್ನು ಕೂರಿಸಿದೆ. ಇರುವೆ ನಡೆದರೂ ಅದಕ್ಕಿಂತ ಹೆಚ್ಚು ಗದ್ದಲವಾಗುತ್ತದೆ.

ಗುರುವಾರ ಅಕ್ಕ ಮತ್ತೆ ಬಂದಳು. ಮುಖ ಊದಿಕೊಂಡಿತ್ತು. “ನೀನೇ ಬಂದು ನೋಡು” ಎಂದಷ್ಟೇ ಹೇಳಿ ತಿರುಗಿ ಹೊರಟಳು. ನಾನು ಹಿಂದೆಯೇ ಹೋದೆ.

ಭಾವನಿಗೆ ಕಣ್ಣು ಪೂರ್ತಿ ಹೋಗಿ ಎರಡು ವರ್ಷ. ಅವರು ಒಳಕೋಣೆಯ ಕುರ್ಚಿಯಲ್ಲಿ ಕೂತಿದ್ದರು. ಅಕ್ಕ ಹೊರಕೋಣೆಯಲ್ಲಿ, ಶಾಲೆಯ ಅಂಗಿಗಳ ರಾಶಿಯ ಪಕ್ಕ, ಹೊಲಿಯಲು ಕೂತಳು.

“ಇದ್ದೀಯೇನೇ?” ಒಳಗಿಂದ ಭಾವನ ಕೂಗು.

“ಇಲ್ಲೇ ಇದ್ದೀನಿ.”

ಒಂದು ಗುಂಡಿ ಹಚ್ಚುವಷ್ಟರಲ್ಲಿ ಮತ್ತೆ, “ಇದ್ದೀಯಾ?”

ಒಂದು ಗಂಟೆಯಲ್ಲಿ ಸಾವಿರ ಸಲ ಕೂಗಿದರು. ನಲವತ್ತು ಎನ್ನುತ್ತಾಳೆ ಅಕ್ಕ. ಅವಳಿಗೆ ಲೆಕ್ಕ ಬರುವುದಿಲ್ಲ.

“ನಿನ್ನೆ ನಾನು ಉತ್ತರ ಕೊಡೋದು ತಡವಾಯ್ತು” ಎಂದಳು ಅಕ್ಕ, ದನಿ ತಗ್ಗಿಸಿ. “ಹುಡುಕಿಕೊಂಡು ಎದ್ದು ಬಂದು ಬಾಗಿಲಿಗೆ ಹಣೆ ಚಚ್ಚಿಕೊಂಡ್ರು. ಆ ಟಕ್ ಟಕ್ ಕೇಳ್ತಿದ್ರೆ ನಾನಿದ್ದೀನಿ ಅಂತ ಅವರಿಗೆ ಧೈರ್ಯ ಕಣೋ. ಅದನ್ನ ಮುಟ್ಟಬೇಡ ಅಂತ ತಾನೆ ಅವತ್ತು ಹೇಳೋಕೆ ಹೊರಟಿದ್ದು?”

ತಂದಿದ್ದ ಹತಾರದ ಚೀಲ ಬಿಚ್ಚಿ ಮಷೀನಿನ ಮುಂದೆ ಕೂತೆ.

ಒಂದು ಸ್ಕ್ರೂ ಸಡಿಲಿಸಿದೆ. ಮಷೀನು ಕಿಟಿಕಿಟಿ ಎಂದಿತು.

“ಯಾರದು, ಬೇರೆ ಯಾರೋ ಬಂದಿದ್ದಾರೆ” ಎಂದರು ಭಾವ.

ಒಂದು ತಗಡಿನ ಚೂರು ಸಿಕ್ಕಿಸಿದೆ.

“ಈಗ ಬಡಗಿ ಬಂದ.”

ಸೋತು, ಹೋಗಿ ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. “ಹೇಗಿತ್ತು ಭಾವ ಆ ಸದ್ದು? ನೀವೇ ಹೇಳಿ.”

ಭಾವ ಕುರ್ಚಿಯ ಕೈ ಮೇಲೆ ಬೆರಳಲ್ಲಿ ಬಡಿದು ತೋರಿಸಿದರು. “ಎರಡು ಟಕ್, ಸ್ವಲ್ಪ ತಡೆದು ಇನ್ನೊಂದು. ಕಾಲರ್ ತಿರುವಲ್ಲಿ ಒಂಟಿ ಒಂಟಿ. ನನ್ನ ಮೇಲೆ ಸಿಟ್ಟಿದ್ರೆ ಮೂರೂ ಒಟ್ಟಿಗೆ. ಆಗ ನಾನು ಕಾಫಿ ಕೇಳೋಕೆ ಹೋಗಲ್ಲ.”

ನಾಲಗೆ ತುದಿಗೆ ನೂರು ಮಾತು ಬಂದವು. ನೂರನ್ನೂ ನುಂಗಿದೆ; ಆ ರಾತ್ರಿ ಊಟವೇ ಬೇಕಾಗಲಿಲ್ಲ. ಅವರ ಬೆರಳು ನಿಂತಾಗ ಹೊಳೆಯಿತು: ಎರಡು ಬಡಿದು ತಡೆಯುವುದು ಸ್ಕ್ರೂ ಅಲ್ಲ, ಒಂದು ಪಕ್ಕ ಸವೆದ ಬುಶ್ಶು.

ಅಂಗಡಿಗೆ ಓಡಿ ಗುಜರಿ ಡಬ್ಬವನ್ನೇ ಹೊತ್ತು ತಂದೆ. ಒಂದೊಂದೇ ಬುಶ್ ಹಾಕಿದೆ, ಅಕ್ಕ ತುಳಿದಳು, ಭಾವ ಅಲ್ಲವೆಂದು ತಲೆಯಾಡಿಸಿದರು. ಹನ್ನೊಂದನೆಯದಕ್ಕೆ ಅವರ ತಲೆ ಆಡಲಿಲ್ಲ. ಬೆನ್ನು ಮೆಲ್ಲಗೆ ಕುರ್ಚಿಗೆ ಒರಗಿತು.

“ಹ್ಞೂ” ಎಂದರು. “ಇವಳೇ.”

ಅಕ್ಕ ನಾಲ್ಕು ಅಂಗಿ ಮುಗಿಸಿದಳು. ಒಳಗಿಂದ ಒಂದು ಕೂಗೂ ಬರಲಿಲ್ಲ; ಸಣ್ಣಗೆ ಗೊರಕೆ ಬಂತು. ನಾನು ಎದೆಯುಬ್ಬಿಸಿ ಹೊರಡುತ್ತಿದ್ದೆ.

“ಅವತ್ತು ಇನ್ನೊಂದು ಮಾತೂ ಹೇಳಿದ್ದೆ” ಎಂದಳು ಅಕ್ಕ.

“ಏನಕ್ಕ?”

“ದಾರ ಕಡೀತಿದೆ ಅಂತ. ಇನ್ನೂ ಕಡೀತಾನೇ ಇದೆ.”

ಇಂಥ ಪರಿಣತನಿಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ಆದರೂ ಚೀಲ ಕೆಳಗಿಟ್ಟು ಅವಳೆದುರು ಕೂತೆ.

“ಯಾವಾಗಿಂದ, ಹೇಳು” ಎಂದೆ. ಅವಳು ಅಜ್ಜಿಯ ಕಾಲದಿಂದ ಶುರುಮಾಡಿದಳು.