ಮೂರು ನೂಲು ಹೆಚ್ಚು

ಉಜ್ಜುಕಾಗದದ ಸದ್ದು ನಿಂತಿತು, ಅಂದರೆ ಈಗ ಊದುತ್ತಾರೆ, ಫೂ ಅಂತ ಒಮ್ಮೆ, ಇನ್ನೊಮ್ಮೆ, ತೇಗದ ಪುಡಿಯೆಲ್ಲ ನಾನು ಈಗಷ್ಟೇ ಗುಡಿಸಿದ ನೆಲಕ್ಕೆ, ಬೀಳಲಿ, ಇವತ್ತೊಂದು ದಿನ ಬೀಳಲಿ, ನಾನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದೇನೆ, ಇಲ್ಲಿಂದ ನನಗೆ ಎಲ್ಲ ಕಾಣುತ್ತದೆ, ಅವರಿಗೆ ಏನೂ ಕಾಣುವುದಿಲ್ಲ, ಎಂಥ ಅನುಕೂಲ — ಭೋಜರಾಜ ಆಚಾರ್ಯರು, ಪೆರಂಬೂರು ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಪ್ಯಾಟರ್ನ್ ಮೇಕರ್, ಕಬ್ಬಿಣ ಎರಕ ಹೊಯ್ಯುವ ಮೊದಲು ಅದರ ರೂಪವನ್ನು ಮರದಲ್ಲಿ ಕೆತ್ತುವ ದೊಡ್ಡ ಮನುಷ್ಯರು, ನನ್ನ ಗಂಡ, ಮುಖವನ್ನು ಸ್ವಲ್ಪ ಮೇಲಕ್ಕೆತ್ತಿ ಗೋಡೆಯ ಕಡೆ ನಗುತ್ತಿದ್ದಾರೆ, ಗೋಡೆ ತನ್ನನ್ನು ಹೊಗಳಿತು ಎನ್ನುವ ಹಾಗೆ. ರತ್ನಾ, ಗಂಟೆ ಎಷ್ಟಾಯ್ತು. ಎರಡೂವರೆ. ನಾಲ್ಕಕ್ಕೆ ಶಂಕರನಾರಾಯಣ ಬರ್ತಾನೆ, ಗಾಜಿನ ಪೆಟ್ಟಿಗೆಗೆ ಅಳತೆ ತೆಗೀಬೇಕಂತೆ, ಅಷ್ಟರೊಳಗೆ ಒಡಲಿನ ಮೇಲೆ ಡೆಕ್ ಕೂರಿಸ್ತೇನೆ. ಕೂರಿಸಿ, ಅನ್ನುತ್ತೇನೆ, ದನಿ ಎಷ್ಟು ಮೆತ್ತಗೆ ಬಂತು, ನನಗೇ ಆಶ್ಚರ್ಯ. ಶಂಕರನಾರಾಯಣ ಅವರ ಹಳೆಯ ಫೋರ್‌ಮನ್, ರಿಟೈರಾದವರ ಸಂಘದ ಹಾಲಿನಲ್ಲಿ ಇವರು ಮರದಲ್ಲಿ ಮಾಡಿದ ಈ ಪುಟ್ಟ ಹಡಗನ್ನು ಇಡಿಸುತ್ತಾನಂತೆ, ಕೆಳಗೆ ಹಿತ್ತಾಳೆ ಫಲಕ, ಕಣ್ಣು ಹೋದ ಮೇಲೂ ಕೈ ಹೋಗದ ಭೋಜರಾಜ ಅಂತ ಬರೆಸುತ್ತಾನಂತೆ. ಬರೆಸಲಿ. ಬೀನ್ಸ್ ಬಲಿತಿದೆ, ಪುರಸೈವಾಕ್ಕಂನ ಆ ತರಕಾರಿಯವಳಿಗೆ ಇನ್ನೊಮ್ಮೆ ಎರಡು ಮಾತು ಹೇಳಬೇಕು.

ಅದು ಹಡಗಲ್ಲ ಮಾರಾಯ್ತಿ, ಯಾಟ್ ಅನ್ನು, ಯಾಟ್, ಎಷ್ಟು ಸಲ ತಿದ್ದಿದ್ದಾರೆ, ಐವತ್ತೆಂಟನೇ ಇಸವಿಯಲ್ಲಿ ಬಂದರಿಗೆ ಯಾವನೋ ಗ್ರೀಕ್ ಸಾಹುಕಾರನ ಮೋಜಿನ ದೋಣಿ ಬಂದು ನಾಲ್ಕು ದಿನ ನಿಂತಿತ್ತು, ಬೆಳ್ಳಗೆ, ಒಳಗೆ ಸ್ನಾನದ ಕೊಳ, ಕುಣಿಯುವುದಕ್ಕೆ ಹಜಾರ, ನಾಲ್ಕು ದಿನವೂ ರಜೆ ಹಾಕಿ ನೋಡಲು ಹೋದರು, ನಾಲ್ಕನೇ ದಿನ ಅಲ್ಲಿಯ ಆಫೀಸರನೊಬ್ಬನನ್ನು ಹಿಡಿದು ನಕ್ಷೆ ತಂದರು, ಮಗಳು ಹುಟ್ಟಿದಾಗ ಒಂದು ದಿನ ರಜೆ ಹಾಕದವರು. ಮೂರೂಕಾಲು ಅಡಿಯ ಒಡಲು, ಹಿತ್ತಾಳೆಯ ಇನ್ನೂರ ಹದಿನಾಲ್ಕು ಕಂಬಿ, ಬೆಂಕಿಕಡ್ಡಿಯಷ್ಟು ಗಾತ್ರದ ಕುರ್ಚಿಗಳು, ಕುರ್ಚಿಗೆ ಬೆತ್ತದ ಹೆಣಿಗೆ ಕೂಡ, ಯಾವನಾದರೂ ಅದರಲ್ಲಿ ಕೂರುತ್ತಾನೆಯೇ, ಇಲ್ಲಿ ನನಗೆ ಬೀನ್ಸ್ ಸುಲಿಯಲು ಒಂದು ಮಣೆ ಮಾಡಿಕೊಡಲಿಲ್ಲ. ಒಡಲು ಮುಗಿಯುವವರೆಗೆ ಕಣ್ಣಿತ್ತು. ಆಮೇಲೆ ಕಣ್ಣಿನ ಒಳಗಿನ ಒತ್ತಡ, ಅಂಚಿನಿಂದ ಕತ್ತಲು ಬಂತು, ಒಂದು ವರ್ಷದಲ್ಲಿ ನಡುವಿಗೂ ಬಂತು, ಬಿಟ್ಟುಬಿಡುತ್ತಾರೆ ಅಂದುಕೊಂಡೆ, ಎಲ್ಲಿ ಬಿಡುತ್ತಾರೆ, ಉಕ್ಕಿನ ಸ್ಕೇಲಿನ ಅಂಚಿಗೆ ಇಂಚಿಗೊಂದು ಗೀರು ಮೊದಲೇ ಅರದಿಂದ ಹಾಕಿಟ್ಟುಕೊಂಡಿದ್ದರು, ಹೆಬ್ಬೆರಳಲ್ಲಿ ಓದುತ್ತಾರೆ. ಮುಂದಿನ ಮನೆಯ ಅಮ್ಮ ದಿನಾ ಬಾಗಿಲಲ್ಲಿ ನಿಂತು, ಎನ್ನಮ್ಮಾ, ಕಪ್ಪಲ್ ಮುಡಿಂಜಾಚಾ, ಹಡಗು ಮುಗಿಯಿತಾ ಅಂತ ಕೇಳುವುದು, ಕುರುಡರ ಕೈ ನೋಡಿ ಕಣ್ಣೊರೆಸಿಕೊಳ್ಳುವುದು, ನೀವು ಪುಣ್ಯ ಮಾಡಿದ್ದೀರಿ ಅನ್ನುವುದು. ಹೌದಮ್ಮಾ, ಮಾಡಿದ್ದೇನೆ. ಮೊನ್ನೆ ಒಡಲಿಗೆ ಎರಡನೇ ಸಲ ಬಿಳಿ ಬಣ್ಣ ಬಳಿದು, ನೊಣಗಿಣ ಕೂತರೆ ಹೇಳು ರತ್ನಾ ಅಂದರು, ಕೂತಿತು, ನಾನು ನೋಡುತ್ತಾ ಇದ್ದೆ, ಕಾಲು ಕಿತ್ತುಕೊಳ್ಳಲು ನೋಡಿತು, ಆಗಲಿಲ್ಲ, ಹೇಳಲಿಲ್ಲ. ಈಗಲೂ ಅಲ್ಲೇ ಇದೆ, ಹಡಗಿನ ಮೂತಿಯ ಹತ್ತಿರ, ಒಣಗಿ.

ಬಿಡಿ ಭಾಗಗಳನ್ನು ಇಟ್ಟು ನೋಡುವುದು ಕೈ ಇಲ್ಲದವರ ಕೆಲಸ, ಇದು ಅವರ ಜಂಬ, ಅಳತೆ ಇದ್ದ ಮೇಲೆ ಪರೀಕ್ಷೆ ಯಾಕೆ, ಬೇರೆ ಬೇರೆ ಮಾಡು, ಕೊನೆಗೊಮ್ಮೆ ಕೂರಿಸು, ಕೂರಬೇಕು. ಎಲ್ಲದಕ್ಕೂ ಅಳತೆ. ಮದುವೆಯಾಗಿ ಕಾರ್ಕಳದಿಂದ ಬಂದ ಮೊದಲ ವಾರ ನನ್ನ ರಂಗೋಲಿಯ ಮೇಲೆ ಸ್ಕೇಲು ಇಟ್ಟು ನೋಡಿದವರು, ನಿನ್ನ ಕೈಗೆ ಕಣ್ಣಿಲ್ಲ ಅಂದವರು, ನನಗೆ ಹದಿನೇಳು, ನಾನು ಅತ್ತೆ, ಅಳುವಾಗ ಸ್ಕೇಲಿನ ಚಪ್ಪಟೆ ಕಡೆಯಿಂದ ಗೆಣ್ಣಿಗೆ ಒಂದು ಕೊಟ್ಟರು, ಮೆಲ್ಲಗೆ, ಲೆಕ್ಕ ಹಾಕಿದ ಹಾಗೆ. ಮಗಳು ಚಂದ್ರಮತಿ ನಡೆಯಲು ಕಲಿತಾಗ ಎಡಗಾಲು ಚೂರು ಎಳೆಯುತ್ತಿತ್ತು, ನನಗೆ ಗೊತ್ತಾಗಿತ್ತು, ತಾಯಿಗೆ ಗೊತ್ತಾಗುತ್ತದೆ, ಸುಮ್ಮನಿದ್ದೆ, ಇವರು ಮಗುವನ್ನು ಬೆಂಚಿನ ಮೇಲೆ ಮಲಗಿಸಿ ಅಳೆದರು, ಪ್ರತಿ ಹುಟ್ಟುಹಬ್ಬಕ್ಕೆ ಅಳೆದು ಬಾಗಿಲ ಚೌಕಟ್ಟಿನಲ್ಲಿ ಬರೆದರು, ಕೊನೆಗೆ ಆರು ನೂಲಿಗೆ ನಿಂತಿತು, ಬಡಗಿಗಳಿಗೆ ಇಂಚಿಗೆ ಎಂಟು ನೂಲು, ಅಂದರೆ ಮುಕ್ಕಾಲು ಇಂಚು ಕಡಿಮೆ. ಎರಕ ಕೆಟ್ಟ ಮಾಲಿಗೆ ವರ್ಕ್‌ಶಾಪಿನಲ್ಲಿ ಹೇಳುವ ಮಾತನ್ನೇ ಮಗುವಿಗೆ ಹೇಳಿದರು, ರಿಜೆಕ್ಟ್, ನಗುತ್ತಾ, ನನ್ನ ರಿಜೆಕ್ಟೇ ಬಾ ಇಲ್ಲಿ, ಅವಳೂ ಅದು ಮುದ್ದಿನ ಹೆಸರೆಂದು ತಿಳಿದು ಕುಂಟುತ್ತಾ ಓಡಿ ಬರುತ್ತಿದ್ದಳು. ಅವಳಿಗೆ ಇಪ್ಪತ್ತಾದಾಗ ಇನ್ಶೂರೆನ್ಸ್ ಆಫೀಸಿನ ಕೃಷ್ಣರಾಜ ನೋಡಲು ಬಂದ, ಒಳ್ಳೆಯ ಹುಡುಗ, ನಾಚುತ್ತಿದ್ದ, ಅದಕ್ಕೆ ಹದಿನೈದು ದಿನ ಮೊದಲು ನಾನು ಇವರ ಕಾಲು ಹಿಡಿಯುವುದೊಂದು ಬಾಕಿ, ಒಂದು ಮರದ ತುಂಡು, ಅಂಗೈಯಷ್ಟು, ಅವಳ ಎಡ ಪಾದದ ಕೆಳಗೆ ಕಟ್ಟಲು, ಯಾರಿಗೂ ತಿಳಿಯುವುದಿಲ್ಲ, ನಿಮಗೆ ಅರ್ಧ ಗಂಟೆಯ ಕೆಲಸ. ನಾನು ಗೊಂಬೆ ಮಾಡುವವನಲ್ಲ, ಅಂದರು. ಸೀರೆ ಮುಚ್ಚಿತ್ತು, ಹುಡುಗಿ ಮೆಲ್ಲಗೆ ನಡೆದಳು, ಕೃಷ್ಣರಾಜ ಎರಡನೇ ಸಲ ಕೇಸರಿಬಾತ್ ಹಾಕಿಸಿಕೊಂಡ, ಅವನ ತಾಯಿ ಜಾತಕ ಮಡಿಸಿ ಚೀಲಕ್ಕೆ ಹಾಕಿಕೊಂಡಳು, ಆಯಿತು, ಆಯಿತು ಅಂತ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಆಗ ಇವರು ಜೇಬಿನಿಂದ ಸ್ಕೇಲು ತೆಗೆದು, ಒಂದು ವಿಷಯ ಹೇಳಬೇಕು, ಆರು ನೂಲು ಕಡಿಮೆ ಉಂಟು, ನೀವೇ ಅಳೆದು ನೋಡಬಹುದು. ಸ್ಕೇಲನ್ನು ಆ ಹೆಂಗಸಿನ ಮುಂದೆ ಚಾಚಿದರು. ಅಳತೆಯಲ್ಲಿ ನಾನು ಸುಳ್ಳು ಹೇಳುವವನಲ್ಲ ಅಂದರು. ಆ ವಾರವೇ ಬಂದರಿಗೆ ಯಾಟ್ ಬಂದದ್ದು.

ಈಗ ಚಂದ್ರಮತಿ ಪಲ್ಲಾವರಂನಲ್ಲಿದ್ದಾಳೆ, ಸಂತೆಯ ಹತ್ತಿರ ಹೋಟೆಲಿಟ್ಟ ಮೋನಪ್ಪನಿಗೆ ಎರಡನೆಯವಳು, ಮೊದಲನೆಯವಳ ಮೂರು ಮಕ್ಕಳು, ಇವಳಿಗೆ ಆಗಲಿಲ್ಲ, ಈ ಮನೆಗೆ ಬರುವುದಿಲ್ಲ, ಕಳೆದ ದೀಪಾವಳಿಗೆ ನಾನೇ ಹೋದೆ, ಹೊಗೆಯಲ್ಲಿ ಬೆನ್ನು ಹಾಕಿ ದೋಸೆ ಹುಯ್ಯುತ್ತಾ ನಿಂತಿದ್ದಳು, ನೆಟ್ಟಗೆ ನಿಂತಿದ್ದಳು, ಅದೇನು ಇಷ್ಟು ನೆಟ್ಟಗೆ ಅಂತ ಬಗ್ಗಿ ನೋಡಿದರೆ ಎಡಗಾಲಿನ ಕೆಳಗೆ ಒಂದು ಇಟ್ಟಿಗೆಯ ಚೂರು. ತುಳಿದು ತುಳಿದು ನುಣ್ಣಗಾಗಿತ್ತು. ಸೊಂಟ ನೋಯ್ತದಾ ಮಗಾ ಅಂದರೆ, ವಿಡುಮ್ಮಾ, ಬಿಡಮ್ಮಾ, ಅಂತ ತಮಿಳಿನಲ್ಲಿ, ಕೋಪ ಬಂದರೆ ಅವಳಿಗೆ ತಮಿಳೇ ಬರುವುದು. ಅವತ್ತು ಸಂಜೆ ಎಲೆಕ್ಟ್ರಿಕ್ ಟ್ರೇನಿನಲ್ಲಿ ಮನೆಗೆ ಬಂದೆ, ಕಾಲು ತೊಳೆಯಲಿಲ್ಲ, ನೇರ ಬೆಂಚಿಗೆ ಹೋದೆ. ಎರಡು ಸ್ಕೇಲುಗಳಿವೆ. ಒಂದು ಎಲ್ಲರ ಹತ್ತಿರ ಇರುವಂಥದ್ದು. ಇನ್ನೊಂದು ಪ್ಯಾಟರ್ನ್ ಮೇಕರನ ಸ್ಕೇಲು, ಬೇಕೆಂದೇ ಉದ್ದ, ಅಡಿಗೆ ಒಂದು ನೂಲು ಹೆಚ್ಚು, ಏಕೆಂದರೆ ಕಾದ ಕಬ್ಬಿಣ ಆರುವಾಗ ಅಷ್ಟು ಕುಗ್ಗುತ್ತದೆ, ಮರದ ರೂಪ ಮೊದಲೇ ಅಷ್ಟು ದೊಡ್ಡದಿರಬೇಕು, ಮದುವೆಯಾದ ಹೊಸತರಲ್ಲಿ ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿಕೊಟ್ಟಿದ್ದರು, ಅವರು ನನ್ನೊಡನೆ ಪ್ರೀತಿಯಿಂದ ಆಡಿದ ಮಾತು ಅಂದರೆ ಅದೊಂದೇ, ಅದಕ್ಕೇ ಮರೆತಿಲ್ಲ. ಕೈಗೆ ಎರಡೂ ಒಂದೇ, ಹಾಗಾಗಿ ಉದ್ದದ್ದರ ತೂತಿಗೆ ಕೆಂಪು ದಾರ ಕಟ್ಟಿಕೊಂಡಿದ್ದರು. ನಾನು ದಾರ ಬಿಚ್ಚಿದೆ, ಇನ್ನೊಂದಕ್ಕೆ ಕಟ್ಟಿದೆ. ಅಷ್ಟೇ. ಅವರು ಒಳಗೆ ಗೊರಕೆ ಹೊಡೆಯುತ್ತಿದ್ದರು. ಡೆಕ್‌ನ ಕೆಲಸ ಮರುದಿನ ಶುರುವಾಯಿತು, ಐದು ತಿಂಗಳು, ಹಲಗೆಗೆ ಹಲಗೆ ಜೋಡಿಸಿ, ಕುರ್ಚಿ ಕೂರಿಸಿ, ಕಂಬಿ ನೆಟ್ಟು, ನಾನು ಹೊತ್ತು ಹೊತ್ತಿಗೆ ಕಾಫಿ ಕೊಟ್ಟೆ, ಅಂಟು ಕಾಸಿಕೊಟ್ಟೆ, ಇಷ್ಟು ಸೇವೆ ಯಾವ ಹೆಂಡತಿ ಮಾಡುತ್ತಾಳೆ.

ರತ್ನಾ, ಬಾ, ನೋಡು. ಹೋಗಿ ನಿಲ್ಲುತ್ತೇನೆ, ಸೆರಗಿಗೆ ಕೈ ಒರೆಸಿಕೊಂಡು. ಡೆಕ್ಕನ್ನು ಎರಡು ಅಂಗೈಯಲ್ಲಿ ಎತ್ತಿ, ಕೂಸನ್ನು ತೊಟ್ಟಿಲಿಗೆ ಇಡುವ ಹಾಗೆ, ಹಿಂಭಾಗ ಮೊದಲು, ಟಕ್ ಅಂತ ಕೂತಿತು, ಮುಖ ಬೆಳಗಿತು, ಈಗ ಮುಂಭಾಗ, ಇಳಿಸುತ್ತಾರೆ, ಇಳಿಯುವುದಿಲ್ಲ. ಒತ್ತುತ್ತಾರೆ. ಇಳಿಯುವುದಿಲ್ಲ. ಎಂಥ ಅಡ್ಡ ಬಂತು ನೋಡು, ಪುಡಿ ಉಂಟಾ. ಏನೂ ಇಲ್ಲ, ಎಲ್ಲ ಸರಿ ಕಾಣ್ತದೆ. ತೆಗೆದರು, ಊದಿದರು, ಮತ್ತೆ ಇಟ್ಟರು, ಮೂತಿಯಲ್ಲಿ ಬಾಯಿ ತೆರೆದುಕೊಂಡೇ ಇದೆ, ಉಗುರು ಹಾಕಿ ನೋಡುತ್ತಾರೆ, ಉಗುರು ಪೂರಾ ಒಳಗೆ ಹೋಗುತ್ತದೆ, ಮೂರು ನೂಲು, ಹೇಳಿಕೊಳ್ಳುತ್ತಾರೆ, ಮೂರು ನೂಲು, ನಾನು ಮೂರು ನೂಲು ತಪ್ಪಿದೆ. ಕೈ ನಡುಗಲು ಶುರುವಾಯಿತು, ಮೂವತ್ತೈದು ವರ್ಷದಲ್ಲಿ ಆ ಕೈ ನಡುಗಿದ್ದನ್ನು ನಾನು ನೋಡಿಲ್ಲ, ನಾಲ್ಕೈದು ಕಂಬಿ ಬೆರಳಿಗೆ ಸಿಕ್ಕಿ ಬಗ್ಗಿದವು, ಅವರಿಗೆ ಗೊತ್ತಾಗಲಿಲ್ಲ. ಕೈ ಹೋಯ್ತು ರತ್ನಾ. ಕಣ್ಣು ಹೋದಾಗ ಅಳದವರು ಈಗ ಅಳುತ್ತಿದ್ದಾರೆ, ಮೂಗಿನಿಂದ ನೀರು ಮೀಸೆಗೆ ಇಳಿಯುತ್ತಿದೆ, ನನಗೆ ಸಂತೋಷವಾಗುತ್ತಿದೆ, ಎಷ್ಟು ಸಂತೋಷ, ಹೊಟ್ಟೆ ತುಂಬುವಷ್ಟು, ಮಗಳನ್ನು ಹೆತ್ತ ದಿನವೂ ಇಷ್ಟು ಆಗಿರಲಿಲ್ಲ, ಅಳಿ, ಇನ್ನೂ ಅಳಿ, ಶಂಕರನಾರಾಯಣ ಬರುವವರೆಗೆ ಅಳಿ, ಅವನೂ ನೋಡಲಿ. ಬಿಡಿ, ವಯಸ್ಸಾಯ್ತಲ್ಲ, ಅನ್ನುತ್ತೇನೆ, ಭುಜದ ಮೇಲೆ ಕೈ ಇಟ್ಟು.

ಭುಜ ಬಿಗಿಯಾಯಿತು. ಮೂರು ಅಡಿಗೆ ಮೂರು ನೂಲು, ತುಟಿ ಆಡುತ್ತಿದೆ, ಅಡಿಗೆ ಒಂದು, ಅಡಿಗೆ ಒಂದು, ಬೆಂಚಿನ ಖಾನೆಗೆ ಕೈ ಹಾಕಿ ಎರಡೂ ಸ್ಕೇಲು ತೆಗೆದರು, ಪಕ್ಕ ಪಕ್ಕ ಮಲಗಿಸಿದರು, ಒಂದು ತುದಿಯನ್ನು ಗೋಡೆಗೆ ಒತ್ತಿ ಹಿಡಿದು ಇನ್ನೊಂದು ತುದಿಗೆ ಹೆಬ್ಬೆರಳು ತಂದರು. ಹೆಬ್ಬೆರಳು ಜಾರಿತು, ತಡೆಯಿತು, ನಿಂತಿತು. ಆಮೇಲೆ ದಾರ ಮುಟ್ಟಿದರು. ಅವರಿಗೆ ಗೊತ್ತಾಯಿತು, ಈ ಮನೆಯಲ್ಲಿ ಇರುವುದು ಇಬ್ಬರೇ, ನಾನು ಸಿದ್ಧವಾಗಿದ್ದೇನೆ, ಕೇಳಿ, ಯಾಕೆ ಅಂತ ಒಂದು ಸಲ ಕೇಳಿ, ಮಾತು ಎಷ್ಟು ವರ್ಷದಿಂದ ಬಾಯಲ್ಲೇ ಇದೆ, ಇಟ್ಟಿಗೆ ಅನ್ನುತ್ತೇನೆ, ಆರು ನೂಲು ಅನ್ನುತ್ತೇನೆ, ಕೇಳಿ — ಮುಖ ನನ್ನ ಕಡೆ ತಿರುಗಿತು, ಅದರಲ್ಲಿ ಕೋಪವಿಲ್ಲ, ನಗು, ಹಲ್ಲು ಕಾಣುವ ನಗು, ಕೆನ್ನೆಯ ಮೇಲೆ ನೀರು ಇನ್ನೂ ಇರುವಾಗಲೇ. ಕೈ ಹೋಗಿಲ್ಲ ರತ್ನಾ, ದಾರ ಬದಲಾಗಿದೆ ಅಷ್ಟೆ, ಸರಿಯಾಗಿ ಮೂರು, ಒಂದು ಕೂದಲು ಆಚೀಚೆ ಇಲ್ಲ, ಕುರುಡ ಮಾಡಿದ್ದು ನೋಡು. ನಾನೇ ಬದಲಿಸಿದ್ದು, ಜೋರಾಗಿ ಹೇಳಿದೆ, ಬೇಕೆಂದೇ ಬದಲಿಸಿದ್ದು, ಚಂದ್ರಮತಿಗೋಸ್ಕರ. ಆಯ್ತು ಆಯ್ತು, ಕೀಸುಳಿ ಎಲ್ಲುಂಟು, ಸಣ್ಣದು, ಶಂಕರನಾರಾಯಣ ಬರುವುದರೊಳಗೆ ತುದಿ ಇಳಿಸಿಬಿಡ್ತೇನೆ. ನಾನು ಬದಲಿಸಿದ್ದು, ನಾನು. ಅವರು ಕೇಳಿಸಿಕೊಂಡಿದ್ದಾರೆ, ಕೇಳಿಸಿಕೊಂಡರು, ತಲೆ ಆಡಿಸಿದರು, ಕೀಸುಳಿ ಕೊಡು ಅಂತ ಎಡಗೈ ನನ್ನ ಕಡೆ ಚಾಚಿದ್ದಾರೆ, ಬಲಗೈ ಇನ್ನೂ ಅಲ್ಲೇ ಇದೆ, ಸ್ಕೇಲುಗಳ ತುದಿಯಲ್ಲಿ, ಆ ಒಂದು ನೂಲಿನ ಮೆಟ್ಟಿಲಲ್ಲಿ, ಹೆಬ್ಬೆರಳು ಇಳಿಯುತ್ತದೆ, ಹತ್ತುತ್ತದೆ, ಇಳಿಯುತ್ತದೆ, ಮಗುವಿನ ಕೆನ್ನೆ ಸವರಿದಷ್ಟು ಮೆಲ್ಲಗೆ, ಹತ್ತುತ್ತದೆ, ಆ ಹೆಬ್ಬೆರಳು, ಇಳಿಯುತ್ತದೆ, ಹೆಬ್ಬೆರಳು