ಕೀಲಿಗೊಂಚಲಿನ ಎರಡನೆಯ ಆಯುಧ

ಹೆಬ್ಬೆರಳಿನ ಉಗುರು ಕೀಲಿಗೊಂಚಲಿನ ಉಂಗುರದ ಸೀಳಿಗೆ ಸಿಗುತ್ತಿಲ್ಲ, ಸಿಕ್ಕಿತು ಅನ್ನುವಷ್ಟರಲ್ಲಿ ಜಾರಿ ಟಕ್ಕೆಂದು ಮುಚ್ಚಿಕೊಳ್ಳುತ್ತದೆ, ಉಕ್ಕಿನ ಒಂದು ಸುತ್ತು ಇನ್ನೊಂದನ್ನು ತಬ್ಬಿಕೊಂಡು ಕೂತಿದೆ, ತಬ್ಬಿಕೊಂಡವರೆಲ್ಲ ಹೀಗೆಯೇ, ನಡುವೆ ಒಂದು ಉಗುರಿಗೂ ಜಾಗ ಬಿಡುವುದಿಲ್ಲ — ಹಳೆಯ ಆಯುಧ ಇದ್ದಿದ್ದರೆ ಅದರ ಪುಟ್ಟ ಅಲಗು ತೂರಿಸಿ ಒಂದು ತಿರುವು ಕೊಟ್ಟರೆ ಸಾಕಿತ್ತು, ಹಳೆಯದರ ಜಾಗಕ್ಕೆ ಹೊಸದನ್ನು ಹಾಕಲು ಹಳೆಯದೇ ಬೇಕು, ಇದಕ್ಕಿಂತ ತಮಾಷೆ ಬೇಕೇ, ಅವಳಿಗೆ ನಗು ಬಂತು, ಮೂಗಿನ ತುದಿಯವರೆಗೆ ಬಂದು ಅಲ್ಲೇ ಕಹಿಯಾಯಿತು. ಕಾರಿಡಾರಿನಲ್ಲಿ ಸಾಲಾಗಿ ಮೂರು ಪ್ಲಾಸ್ಟಿಕ್ ಕುರ್ಚಿ, ನಡುವಿನದಕ್ಕೆ ಬಿರುಕು, ಕೂತವರ ತೊಡೆ ಚಿವುಟುತ್ತದೆ, ಗೊತ್ತಿದ್ದೂ ಅದರಲ್ಲೇ ಕೂತಿದ್ದಾಳೆ, ಈ ಆಸ್ಪತ್ರೆಯಲ್ಲಿ ಏಳು ವರ್ಷದಿಂದ ಕೆಟ್ಟ ಯಂತ್ರಗಳನ್ನೆಲ್ಲ ಬಿಚ್ಚಿ ಜೋಡಿಸಿದವಳಿಗೆ ಚಿವುಟದ ಕುರ್ಚಿ ಯಾವುದು ಎಂದು ಗೊತ್ತಿರಬೇಡವೇ, ಆದರೂ ಅದೇ. ಎದುರಿಗೆ ಆಡಳಿತಾಧಿಕಾರಿಯ ಬಾಗಿಲು, ಮುಚ್ಚಿದೆ, ಒಳಗೆ ಫ್ಯಾನಿನ ಸದ್ದು. ಹನ್ನೊಂದಕ್ಕೆ ಕರೀತಾರೆ ಗುಬ್ಬಿ, ಕಾಗದ ರೆಡಿ ಇದೆ, ಅದ್ರಲ್ಲಿ ಓದೋದೇನೂ ಇಲ್ಲ, ಸಹಿ ಹಾಕಿ ಬಂದ್ಬಿಡು, ಎಂದಿದ್ದರು ದೊಡ್ಡಣ್ಣ, ಹಾಗೆಂದು ಅಂಗಿಯ ಜೇಬಿನಿಂದ ಹೊಸದಿದ್ದ ಈ ಪುಟ್ಟ ಡಬ್ಬಿ ತೆಗೆದು ಅವಳ ಅಂಗೈ ಮೇಲಿಟ್ಟು ಬೆರಳುಗಳನ್ನು ತಾವೇ ಮಡಚಿ ಮುಚ್ಚಿದ್ದರು, ಮಗುವಿನ ಕೈಗೆ ಮಿಠಾಯಿ ಇಟ್ಟ ಹಾಗೆ, ಅಥವಾ ಮಗು ಮಿಠಾಯಿ ಎಸೆಯದಿರಲಿ ಎಂದು ಮುಷ್ಟಿ ಕಟ್ಟಿಸಿದ ಹಾಗೆ.

ದೊಡ್ಡಣ್ಣ ಅವಳ ಅಣ್ಣನಲ್ಲ, ಯಾರ ಅಣ್ಣನೂ ಅಲ್ಲ, ರಿಪೇರಿ ವಿಭಾಗದ ಮುಖ್ಯಸ್ಥ, ಇಡೀ ಆಸ್ಪತ್ರೆಗೆ ದೊಡ್ಡಣ್ಣ, ಇನ್ನು ಎಂಟು ತಿಂಗಳಿಗೆ ನಿವೃತ್ತಿ, ಅವಳಿಗೆ ಗುಬ್ಬಿ ಎಂದು ಹೆಸರಿಟ್ಟವರೂ ಅವರೇ, ಮೊದಲ ದಿನ ಸ್ಟೂಲಿನ ತುದಿಯಲ್ಲಿ ಕೂತಿದ್ದಳಂತೆ, ಈಗ ಹಾರ್ತೀನಿ ಆಗ ಹಾರ್ತೀನಿ ಅನ್ನೋ ಹಾಗೆ. ಆ ಹಳೆಯದನ್ನು ಕೊಟ್ಟವರೂ ಅವರೇ, ಕೆಲಸಕ್ಕೆ ಸೇರಿದ ವರ್ಷ, ನೋಡು ಗುಬ್ಬಿ, ಡಾಕ್ಟ್ರ ಕೊರಳಲ್ಲಿ ಸ್ಟೆತಸ್ಕೋಪ್, ನಮ್ಮಂಥವರ ಕೀಲಿಗೊಂಚಲಲ್ಲಿ ಒಂದು ಆಯುಧ, ಇದು ಇಲ್ದೆ ಮನೆಯಿಂದ ಹೊರಗೆ ಕಾಲಿಡಬೇಡ — ಬೆರಳುದ್ದದ ಉಕ್ಕು, ಮಡಚಿದರೆ ಏನೂ ಅಲ್ಲ, ಬಿಚ್ಚಿದರೆ ಕತ್ತರಿ, ಅಲಗು, ಚಿಮಟ, ಅರ, ಎರಡು ಸ್ಕ್ರೂಡ್ರೈವರ್, ಅದರ ಮೈಮೇಲೆ ಸೂಜಿಯಿಂದ ಒಂದು ಗುಬ್ಬಿಯನ್ನು ತಾವೇ ಗೀಚಿದ್ದರು, ಗುಬ್ಬಿಗಿಂತ ಬದನೆಕಾಯಿಗೆ ಕೊಕ್ಕು ಬಂದ ಹಾಗಿತ್ತು, ಅದನ್ನು ನೋಡಿ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು, ಅವತ್ತು ಅವಳಿಗೆ ಅಪ್ಪ ಇಲ್ಲ ಅನ್ನುವುದು ಮೊದಲ ಸಲ ಮರೆತುಹೋಗಿತ್ತು, ಮರೆಯಬಾರದಿತ್ತು. ಅದರ ಸ್ಕ್ರೂಡ್ರೈವರಿನ ತುದಿ ತುಸು ಅಯಸ್ಕಾಂತ, ಎಳ್ಳಿನಷ್ಟು ಸ್ಕ್ರೂ ಕೂಡ ಇಬ್ಬನಿಯ ಹನಿಯಂತೆ ತುದಿಗೆ ತೂಗಿಕೊಂಡು ಬರುತ್ತಿತ್ತು, ಈ ಹೊಸದು ಟೈಟೇನಿಯಂ, ಬೂದು ಬಣ್ಣ, ಅಲಗಿಲ್ಲ, ಕತ್ತರಿಯಿಲ್ಲ, ಮಡಚುವುದೂ ಇಲ್ಲ, ಒಂದೇ ತುಂಡು, ಯಾವ ಅಯಸ್ಕಾಂತ ಕರೆದರೂ ತಿರುಗಿ ನೋಡದ ಲೋಹ, ಅದೇ ಕಾರಣಕ್ಕೆ ಯಾವ ಸ್ಕ್ರೂವನ್ನೂ ಹಿಡಿದುಕೊಳ್ಳುವುದಿಲ್ಲ, ಬೆಳಿಗ್ಗೆ ಔಷಧಿ ಪಂಪಿನ ಮುಚ್ಚಳ ತೆಗೆಯುವಾಗ ಮೊದಲ ಸ್ಕ್ರೂವನ್ನೇ ಕೆಳಗೆ ಬೀಳಿಸಿತು, ಮೊಣಕಾಲೂರಿ ಮೇಜಿನಡಿ ಹುಡುಕುವಾಗ ಅನ್ನಿಸಿತ್ತು, ಓಹೋ, ಇವರು ನನಗೆ ಕೊಟ್ಟದ್ದು ಇದನ್ನೇ, ಏನನ್ನೂ ಹಿಡಿದಿಟ್ಟುಕೊಳ್ಳದ ಒಂದು ಲೋಹ, ಇದನ್ನು ಜೊತೆಗಿಟ್ಟುಕೊಂಡು ನೀನೂ ಹಾಗೇ ಆಗು.

ಹಳೆಯದಕ್ಕೆ ಒಂದು ಚಿಕ್ಕ ಕೊಕ್ಕೆಯಿತ್ತು, ಒತ್ತಿದರೆ ಗೊಂಚಲಿನಿಂದ ಕಳಚಿ ಬರುತ್ತಿತ್ತು, ಅದೇ ಆದದ್ದು ನೋಡಿ, ಕಳಚಿ ಬರುವುದನ್ನು ಜನ ಕೇಳುತ್ತಾರೆ, ಗುಬ್ಬಿ ನಿನ್ನ ಆಯುಧ ಕೊಡು ಒಂದ್ನಿಮಿಷ, ರಿಪೇರಿ ಕೋಣೆಯಲ್ಲಿ ಒಂದ್ನಿಮಿಷ ಅಂದರೆ ಒಂದು ಪಾಳಿ, ಅದು ಈ ಜೇಬಿನಿಂದ ಆ ಜೇಬಿಗೆ, ಆ ಮೇಜಿನಿಂದ ಈ ಮೇಜಿಗೆ, ಸಂಜೆ ಹೊತ್ತಿಗೆ ಗೂಡಿಗೆ ಬರುತ್ತಿತ್ತು, ಎರವಲು ಕೊಟ್ಟದ್ದನ್ನು ನೆನಪಿಟ್ಟುಕೊಳ್ಳುವವರೂ ಇಲ್ಲ, ತೆಗೆದುಕೊಂಡದ್ದನ್ನು ನೆನಪಿಟ್ಟುಕೊಳ್ಳುವವರಂತೂ ಇಲ್ಲವೇ ಇಲ್ಲ. ಅವತ್ತೂ ದೊಡ್ಡಣ್ಣ ಪಂಪು ಬಿಚ್ಚಲು ಕೇಳಿದರು, ಕೊಟ್ಟಳು, ಬಿಚ್ಚಿದರು, ಅಂಗಿಯ ಜೇಬಿಗೆ ಹಾಕಿಕೊಂಡರು, ಅಷ್ಟರಲ್ಲಿ ಸ್ಕ್ಯಾನಿಂಗ್ ಕೋಣೆಯಿಂದ ಫೋನು, ರೋಗಿ ಒತ್ತುವ ಗಂಟೆಯ ಕೊಳವೆ ಕಳಚಿದೆ, ರೋಗಿ ಒಳಗೇ ಇದ್ದಾರೆ, ಬೇಗ ಬನ್ನಿ, ಇಬ್ಬರೂ ಹೋದರು. ಆ ಕೋಣೆಯ ಹೊಸ್ತಿಲಲ್ಲಿ ಹಳದಿ ಗೆರೆ, ಗೆರೆಯ ಈಚೆ ಒಂದು ತಟ್ಟೆ, ಮೈಮೇಲಿನ ಕಬ್ಬಿಣವನ್ನೆಲ್ಲ ಅದರಲ್ಲಿ ಹಾಕಿ ದಾಟಬೇಕು, ಯಾಕೆಂದರೆ ಒಳಗಿರುವುದು ಆನೆಗಾತ್ರದ ಅಯಸ್ಕಾಂತ, ಸ್ವಿಚ್ ಆರಿಸಿದರೂ ಆರದ್ದು, ಸದಾ ಎಳೆಯುತ್ತಲೇ ಇರುವಂಥದ್ದು. ಹೊಸಬರಿಗೆಲ್ಲ ಆ ಪಾಠ ಹೇಳುವವರು ದೊಡ್ಡಣ್ಣನೇ, ಆದ್ದರಿಂದ ದೊಡ್ಡಣ್ಣನ ಜೇಬು ನೋಡುವವರಿಲ್ಲ, ಅವರು ತಟ್ಟೆಗೆ ಕೀಲಿ ಹಾಕಿದರು, ಫೋನು ಹಾಕಿದರು, ಗಡಿಯಾರ, ಬೆಲ್ಟು, ಕನ್ನಡಕದ ಡಬ್ಬಿ, ಒಂದಾದ ಮೇಲೊಂದು, ಕೈ ತಾನಾಗಿ ಹೋಗುತ್ತಿತ್ತು, ಮೂವತ್ತು ವರ್ಷದ ಅಭ್ಯಾಸ, ಕೈಗೆ ಗೊತ್ತಿರುವುದು ತನ್ನ ವಸ್ತುಗಳು ಮಾತ್ರ, ಎರವಲು ತಂದದ್ದು ಕೈಯ ಲೆಕ್ಕದಲ್ಲಿ ಇರುವುದಿಲ್ಲ, ಇದು ಅವಳಿಗೆ ಆಮೇಲೆ ಹೊಳೆಯಿತು, ಮೂರು ದಿನ ಆದ ಮೇಲೆ, ತಲೆಗೆ ನೀರು ಹೊಯ್ದುಕೊಳ್ಳುವಾಗ, ಚೊಂಬು ಕೈಯಲ್ಲೇ ಉಳಿಯಿತು. ತಪ್ಪಲ್ಲ ಅದು, ಮರೆವು, ಮರೆವಿಗೆ ಯಾರನ್ನೂ ಬೈಯಬಾರದು, ಅವರು ಅವತ್ತೇ, ಅಯ್ಯೋ ನನ್ನ ಜೇಬಲ್ಲಿತ್ತು ಕಣ್ರೀ, ಅಂದಿದ್ದರೆ ಅವಳೇ ಅವರ ಪರವಾಗಿ ಜಗಳಕ್ಕೆ ನಿಲ್ಲುತ್ತಿದ್ದಳು.

ಅನ್ನಲಿಲ್ಲ. ಅವಳು ಗಾಜಿನ ಕಿಟಕಿಯ ಈಚೆ ನಿಂತಿದ್ದಳು, ಯಂತ್ರ ನಡೆಸುವಾಕೆ ಈಗ ಬಂದೆ ಎಂದು ನೀರು ಕುಡಿಯಲು ಹೋಗಿದ್ದಳು, ರೋಗಿಯನ್ನು ಒಂಟಿಯಾಗಿ ಬಿಟ್ಟು ಹೋಗಬಾರದಿತ್ತು, ಹೋಗಿದ್ದಳು, ದೊಡ್ಡಣ್ಣ ಯಂತ್ರದ ಬಾಯಿಯ ಬಳಿ ಬಗ್ಗಿದರು — ಬಗ್ಗಿದರು ಅಷ್ಟೆ — ಜೇಬಿನಿಂದ ಏನೋ ಬೆಳ್ಳಗೆ ಎದ್ದು, ಬೀಳಲಿಲ್ಲ, ಬೀಳುವುದನ್ನೇ ಮರೆತಂತೆ ಅಡ್ಡಡ್ಡ ಹಾರಿತು, ಠಳ್. ಚಿಕ್ಕವಳಿದ್ದಾಗ ಅಜ್ಜಿ ಹೇಳುತ್ತಿದ್ದ ಕತೆಯ ದೈತ್ಯ, ಏಳು ಗುಡ್ಡದಾಚೆ ಅಂಗಾತ ಮಲಗಿದವನು, ಊಟಕ್ಕೂ ಎದ್ದು ಕೂರದ ಸೋಮಾರಿ, ಉಸಿರು ಒಳಗೆಳೆದರೆ ದಾರಿಹೋಕರು ಗಂಟುಮೂಟೆ ಸಮೇತ ಹಾರಿ ಬಂದು ಬಾಯಿಗೆ ಬೀಳುತ್ತಿದ್ದರು, ಯಾರೂ ತಪ್ಪಿಸ್ಕೊಳ್ಳಲ್ವಾ ಅಜ್ಜಿ, ತಪ್ಪಿಸ್ಕೊಳ್ತಾರೆ ಮಗಾ, ಕೈಯಲ್ಲೇನೂ ಇಲ್ಲದವರನ್ನ ಅವನು ಮೂಸಿಯೂ ನೋಡಲ್ಲ, ಸುಳ್ಳು ಅಜ್ಜಿ, ಎಂಥ ಸುಳ್ಳು ಹೇಳಿ ಮಲಗಿಸಿದೆ, ಅವತ್ತು ಕೈಯಲ್ಲೇನೂ ಇಲ್ಲದವಳು ನಾನೊಬ್ಬಳೇ, ಮೂಸಿ ನೋಡದೆ ನುಂಗಿದ್ದು ನನ್ನನ್ನೇ. ಯಂತ್ರದ ಬಾಯಿಯ ಅಂಚು ಬಿರಿಯಿತು, ರೋಗಿಯ ತಲೆಗೆ ತೊಡಿಸಿದ್ದ ಚೌಕಟ್ಟು ಸೀಳಿತು, ಯಂತ್ರ ಹನ್ನೊಂದು ದಿನ ನಿಂತಿತು, ವಿಚಾರಣೆಯ ಮೇಜಿನ ಮೇಲೆ ಪಾರದರ್ಶಕ ಚೀಲದೊಳಗೆ ಆ ಬದನೆಕಾಯಿ ಗುಬ್ಬಿ, ಕೊಕ್ಕು ಮೇಲೆ ಮಾಡಿಕೊಂಡು, ಇದು ಯಾರದು, ಎಂದರು ಅಧಿಕಾರಿ, ಅವಳು ಬಾಯಿ ತೆರೆಯುವ ಮೊದಲೇ ದೊಡ್ಡಣ್ಣ ಅಂದರು, ಅವಳದೇ ಸಾರ್, ನಾನೇ ಕೊಟ್ಟಿದ್ದು, ಆ ಗುಬ್ಬಿ ಗೀಚಿದ್ದೂ ನಾನೇ. ಎಷ್ಟು ನಿಜ. ಒಂದೊಂದು ಮಾತೂ ನಿಜ, ನಿಜಗಳನ್ನೇ ಆರಿಸಿ ಆರಿಸಿ ಇಟ್ಟು ಅಲ್ಲಿಗೆ ನಿಲ್ಲಿಸಿದರು, ಮೇಜಿನ ಸುತ್ತ ಕೂತವರು ಉಳಿದದ್ದನ್ನು ತಾವೇ ತುಂಬಿಕೊಂಡರು, ಅವಳು ಅವರ ಮುಖ ನೋಡಿದಳು, ಅವರು ಗುಬ್ಬಿಯನ್ನು ನೋಡುತ್ತಿದ್ದರು, ಚೀಲದೊಳಗಿನದನ್ನು.

ಆಮೇಲೆ ಮೆಟ್ಟಿಲ ತಿರುವಿನಲ್ಲಿ ಹಿಡಿದರು, ನಿನಗಿನ್ನೂ ಮೂವತ್ತು ವರ್ಷ ಸರ್ವೀಸ್ ಇದೆ ಕಣೇ, ಒಂದು ಎಚ್ಚರಿಕೆ ಪತ್ರ, ಆರು ತಿಂಗಳು ಉಗ್ರಾಣದಲ್ಲಿ ಕೂತ್ಕೋ, ಜನ ಮರೀತಾರೆ, ನನಗೆ ಎಂಟು ತಿಂಗಳು, ನನ್ನ ಹೆಸರು ಈಗ ಮುರಿದ್ರೆ ಜೋಡಿಸೋಕೆ ನನ್ನತ್ರ ಟೈಮಿಲ್ಲ, ನಾನು ನಿನ್ನನ್ನ ಕೆಲಸಕ್ಕೆ ಹಚ್ಚಿದವನು ಅಲ್ವಾ — ಅಲ್ವಾ ಎಂದಾಗ ಕತ್ತು ಸ್ವಲ್ಪ ಓರೆ ಮಾಡಿದರು, ಹಾಗೆ ಮಾಡಿದರೆ ಅವಳು ಇಲ್ಲ ಅನ್ನುವುದಿಲ್ಲ ಎಂದು ಅವರಿಗೆ ಗೊತ್ತು, ಯಾವ ಯಂತ್ರಕ್ಕೆ ಎಲ್ಲಿ ತಟ್ಟಬೇಕೆಂದು ಅವರಿಗಲ್ಲದೆ ಯಾರಿಗೆ ಗೊತ್ತು. ಮನೆಯಲ್ಲಿ ಅಮ್ಮ, ಸಹಿ ಹಾಕಿ ಕೈ ತೊಳ್ಕೊ, ದೊಡ್ಡೋರ ಜೊತೆ ಹಟ ಬೇಡ, ಕೆಲಸ ಇದ್ರೆ ಸಾಕು, ನೀನು ಸಣ್ಣೋಳಿದ್ದಾಗಿಂದ ಹಿಂಗೇ, ಕತೇಲಿ ಬರೋ ಹಾಗೆ ಕೊನೇಲಿ ನ್ಯಾಯ ಸಿಗುತ್ತೆ ಅಂದ್ಕೊಂಡು ಕೂರ್ತೀಯ, ಅಜ್ಜಿ ನಿನ್ನ ತಲೆ ಕೆಡಿಸಿ ಹೋದ್ರು. ಹಾಕುತ್ತೇನೆ ಬಿಡಮ್ಮ. ಹಾಕುವುದೆಂದು ನಿನ್ನೆಯೇ ನಿಶ್ಚಯವಾಗಿದೆ, ಉಗ್ರಾಣದಲ್ಲಿ ಕಿಟಕಿಯಾದರೂ ಇದೆ, ಉಂಗುರ ಕೊನೆಗೂ ಬಾಯಿಬಿಟ್ಟಿತು, ಉಗುರು ಬುಡದವರೆಗೆ ಸೀಳಿ ಒಂದು ಹನಿ ರಕ್ತ, ಹೊಸದು ಸರಸರ ಜಾರಿ ಮನೆಯ ಕೀಲಿ, ಲಾಕರ್ ಕೀಲಿ, ರಿಪೇರಿ ಕೋಣೆಯ ಕೀಲಿಗಳ ಪಕ್ಕ ಹೋಗಿ ಕೂತಿತು, ಕೊಕ್ಕೆಯಿಲ್ಲ ಇದಕ್ಕೆ, ಇದನ್ನು ಯಾರಿಗೂ ಕಳಚಿ ಕೊಡಲಾಗುವುದಿಲ್ಲ, ಜಾಣತನದ ಆಯ್ಕೆ ದೊಡ್ಡಣ್ಣ, ತಡವಾಯಿತು, ಆದರೂ ಜಾಣತನ.

ಒಳಗಿದ್ದ ರೋಗಿ ಹೊಲಿಗೆಯವರು, ಐವತ್ತರ ಹೆಂಗಸು, ತಲೆನೋವಿಗೆ ಕಾರಣ ಹುಡುಕಲು ಬಂದವರು, ಈಗ ಯಾಕೆ ಅವರು, ಬೇಡ — ಗಂಟೆ ಕೆಡುವುದಕ್ಕೆ ಮೊದಲು, ಅವರು ಒಳಗೆ ಹೋಗುವಾಗಲೂ ಅವಳು ಅಲ್ಲೇ ಇದ್ದಳು, ದೀಪ ಬದಲಿಸುತ್ತಿದ್ದಳು, ಅವರು ಹಳದಿ ಗೆರೆಯ ಮುಂದೆ ನಿಂತು ಕಾಲರಿನ ಮಡಿಕೆಯಿಂದ ಗುಂಡುಸೂಜಿ ತೆಗೆದು ತಟ್ಟೆಗೆ ಹಾಕುತ್ತಿದ್ದರು, ಒಂದು, ಇನ್ನೊಂದು, ತೋಳಿನಂಚಿನಿಂದ ಮತ್ತೊಂದು, ಸಾಕು ಬನ್ನಿ ಅಮ್ಮ, ಎಂದಳು ಯಂತ್ರ ನಡೆಸುವಾಕೆ, ಇರಿ ಇರಿ ಇನ್ನೊಂದು ಇರಬೇಕು, ಹೊಲಿಯೋರ ಮೈಮೇಲೆ ಎಲ್ಲೆಲ್ಲೋ ಇರುತ್ತೆ, ಎಂದು ನಗುತ್ತ ಅಂಗೈಯಿಂದ ಮೈಯೆಲ್ಲ ಸವರಿಕೊಂಡು, ಹುಡುಕಿ, ಕೊನೆಯದನ್ನೂ ಹಾಕಿದರು. ಹೆದರಬೇಡಿ, ಕಣ್ಣಿನ ಮೇಲೆ ಕನ್ನಡಿ ಇರುತ್ತೆ, ಅದರಲ್ಲಿ ನಮ್ಮ ಕಿಟಕಿ ಕಾಣುತ್ತೆ, ನಾವು ನಿಮಗೆ ಕಾಣ್ತಾನೇ ಇರ್ತೀವಿ, ಎಂದಿದ್ದಳು ಯಂತ್ರದಾಕೆ. ಠಳ್ ಎಂದಾಗ ಅದು ಅವರ ಕಿವಿಯಿಂದ ನಾಲ್ಕು ಬೆರಳಾಚೆ ಬಡಿದು ಅಂಟಿ ಗುಂಯ್‌ಗುಡುತ್ತಿತ್ತು, ಅವರು ಕಿರುಚಲಿಲ್ಲ, ಅಲುಗಬಾರದು ಎಂದು ಹೇಳಿದ್ದರಲ್ಲ, ಅಲುಗಲಿಲ್ಲ, ಓರೆ ಕನ್ನಡಿಯಲ್ಲಿ ಎರಡು ಕಣ್ಣು ಮಾತ್ರ ಅಗಲವಾಗಿ, ನೇರ ಕಿಟಕಿಗೆ, ನೇರ ಅವಳಿಗೆ. ಹೊರಗೆ ಬಂದ ಮೇಲೆ ಮತ್ತೆ ಕಾಲರ್ ತಡಕಿದರು, ನಾನು ಎಲ್ಲಾ ತೆಗೆದಿದ್ದೆನಲ್ಲಮ್ಮ, ಒಂದು ಉಳಿದ್ಬಿಟ್ಟಿತ್ತಾ, ನನ್ನಿಂದ ನಿಮ್ಮ ಯಂತ್ರ ಹಾಳಾಯ್ತಾ, ಅವಳು ಇಲ್ಲಮ್ಮ ಅನ್ನಲು ಉಸಿರು ತೆಗೆದುಕೊಂಡಳು, ದೊಡ್ಡಣ್ಣ ಅವರ ಭುಜ ತಟ್ಟಿ, ಪರವಾಗಿಲ್ಲ ತಾಯಿ, ಮುಂದಿನ ಸಲ ಸರಿಯಾಗಿ ನೋಡ್ಕೊಳ್ಳಿ, ಎಂದರು, ನಗುತ್ತ, ಅಷ್ಟು ಮೃದುವಾಗಿ, ಅವಳು ತೆಗೆದುಕೊಂಡ ಉಸಿರನ್ನು ಹಾಗೇ ಬಿಟ್ಟಳು. ಅದಕ್ಕೆ ಯಾರ ಸಹಿ.

ಬನ್ನಿ ಒಳಗೆ. ಫ್ಯಾನಿನ ಕೆಳಗೆ ಕಾಗದ, ಹಾರದಿರಲೆಂದು ಮೇಲೆ ಗಾಜಿನ ಗುಂಡು, ದೊಡ್ಡಣ್ಣ ಆಗಲೇ ಒಳಗೆ ಕೂತಿದ್ದಾರೆ, ಸಾಕ್ಷಿಯ ಸಹಿಗೆ, ಬಾ ಗುಬ್ಬಿ ಕೂತ್ಕೋ, ಅಧಿಕಾರಿ ಗೋಡೆಯ ಗಡಿಯಾರ ನೋಡುತ್ತಾರೆ, ಕೆಳಗೆ, ಅಲ್ಲಿ, ಗುರುತು ಹಾಕಿದೀನಿ ನೋಡಿ. ಓದುವುದೇನೂ ಇಲ್ಲ ಎಂದಿದ್ದರು, ಕಣ್ಣು ಸುಮ್ಮನಿರುವುದಿಲ್ಲ, ಓದುತ್ತದೆ, ನನ್ನ ಸ್ವಂತ ಉಪಕರಣವನ್ನು ನಿರ್ಲಕ್ಷ್ಯದಿಂದ, ಸರಿ, ನಿಷೇಧಿತ ಕೊಠಡಿಯೊಳಗೆ, ಸರಿ, ಯಂತ್ರಕ್ಕೆ ಉಂಟಾದ ಹಾನಿಗೆ ನಾನೇ ಹೊಣೆ, ಆಯಿತು, ಪೆನ್ನಿನ ಮುಚ್ಚಳ ತೆಗೆದಳು, ಸೀಳಿದ ಉಗುರು ಚುರ್ರೆಂದಿತು, ಸದರಿ ಸಮಯದಲ್ಲಿ ಕೊಠಡಿಯಲ್ಲಿ ರೋಗಿ ಯಾರೂ ಇರಲಿಲ್ಲ. ಮತ್ತೆ ಓದಿದಳು. ಯಾರೂ ಇರಲಿಲ್ಲ. ಒಂದು, ಇನ್ನೊಂದು, ತೋಳಿನಂಚಿನಿಂದ ಮತ್ತೊಂದು, ಇರಿ ಇರಿ — ಸಾರ್, ರೋಗಿ ಇದ್ರು. ಫ್ಯಾನು ತಿರುಗುತ್ತದೆ. ಅದು ಸುಮ್ನೆ ಫಾರ್ಮಾಲಿಟಿ ಕಣೇ, ಎಂದು ದೊಡ್ಡಣ್ಣ ಕತ್ತು ಓರೆ ಮಾಡುತ್ತಾರೆ, ಅವರಿಗೇನೂ ಆಗಿಲ್ವಲ್ಲ, ಯಾಕೆ ಸುಮ್ನೆ, ಗುಬ್ಬಿ, ಇಲ್ಲಿ ನೋಡು, ಅವಳು ನೋಡುವುದಿಲ್ಲ, ರೋಗಿ ಇದ್ರು ಸಾರ್, ಒಳಗೆ ಹೋದವರು ಇವರು, ಇವರ ಜೇಬಿನಿಂದ, ನಾನು ಕಿಟಕೀಲಿದ್ದೆ, ತನ್ನ ದನಿಯೇ ಯಾರದೋ ಎಂಬಂತೆ ಕೇಳಿಸುತ್ತದೆ, ತಾನು ಪೆನ್ನಿನ ಮುಚ್ಚಳ ಮುಚ್ಚಿದ ಸದ್ದು, ಏನಮ್ಮ ಇದು ಈಗ ಹೀಗಂದ್ರೆ ಹೇಗೆ, ಎಂದು ಅಧಿಕಾರಿ, ದೊಡ್ಡಣ್ಣ ಎದ್ದು ನಿಂತದ್ದು, ಕುರ್ಚಿ ಹಿಂದೆ ಸರಿದದ್ದು, ನೀನು, ನೀನಾ, ನಾನು ಕೈ ಹಿಡಿದು ಕಲಿಸಿದೋಳು — ಏನೇನೋ ಹೇಳುತ್ತಿದ್ದಾರೆ, ಯಾವುದೂ ಹತ್ತಿರ ಬರುತ್ತಿಲ್ಲ, ಓರೆ ಕನ್ನಡಿ, ಅದರಲ್ಲಿ ಎರಡು ಕಣ್ಣು, ಅಲುಗಬೇಡಿ ಅಂದಿದ್ದಕ್ಕೆ ಅಲುಗದ ಎರಡು ಕಣ್ಣು, ನೇರ ಕಿಟಕಿಗೆ, ಕನ್ನಡಿ, ಎರಡು ಕಣ್ಣು